ಅಡಿಪಟ್ಟಿಯ ಕೆಳಗೆ

ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ
ಹಲ್ ಊರಿನ ಆ ಪ್ರಾಥಮಿಕ ಶಾಲೆಯ ಜಿಮ್ಮಿನಲ್ಲಿ
ನನ್ನ ಕೆಲಸ ಇಷ್ಟೇ:
ಪಟ್ಟಿಯಲ್ಲಿ ಹೆಸರು ಹುಡುಕು, ಅಡಿಪಟ್ಟಿ ಇಡು, ಗೆರೆ ಎಳೆ,
ಚೀಟಿ ಕೊಡು.
ಸೂಪಿನ ವಾಸನೆ, ರಬ್ಬರ್ ಚೆಂಡಿನ ವಾಸನೆ,
ಗೋಡೆಯ ಮೇಲೆ ಎರಡನೇ ಕ್ಲಾಸಿನವರು ಬರೆದ ಆಕ್ಟೋಪಸ್,
ಎಣಿಸಿದರೆ ಒಂಬತ್ತು ಕಾಲು.
ಬೂತಿನೊಳಗೆ ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲ್ಲು.
‘ಇದರಲ್ಲಿ ಬರೆದರೆ ರಾತ್ರಿ ಅಳಿಸ್ತಾರಂತಲ್ಲ’
ಎನ್ನುತ್ತ ಸ್ವಂತ ಪೆನ್ನು ತಂದವರು ಹನ್ನೊಂದು ಜನ.
ಲೆಕ್ಕ ಇಟ್ಟಿದ್ದೆ. ಬೇರೆ ಕೆಲಸವೇನಿತ್ತು?

ಊಟದ ಹೊತ್ತಿಗೆ ಅಮ್ಮ ಬಂದಳು. ಮ್ಯಾವಿಸ್, ಎಂಬತ್ತೊಂದು,
ಕೈಯಲ್ಲಿ ಕೋಲು, ತುಟಿಗೆ ಬಣ್ಣ,
ಅಪ್ಪನನ್ನು ಮಣ್ಣು ಮಾಡಿದ ದಿನ ತೊಟ್ಟಿದ್ದ ನೀಲಿ ಕೋಟು.
‘ವಿಳಾಸ ಹೇಳಿ’ ಎಂದೆ. ನಿಯಮ ನಿಯಮವೇ.
‘ನೀನು ಹುಟ್ಟಿದ ಮನೆ ಕಣೇ’ ಅಂದಳು,
ಸಾಲಿಗೆ ಸಾಲೇ ನಕ್ಕಿತು.
ಗೆರೆ ಎಳೆದೆ.

ಯಾವುದಕ್ಕೆ ಹಾಕಿದಳೆಂದು ಕೇಳಬೇಕಾಗಿಯೇ ಇಲ್ಲ.
ಹಡಗು ಗುಜರಿಗೆ ಹೋದ ದಿನ ಅಪ್ಪ
ಮೀನಿನ ಚಾಕು ಮಸೆಯುತ್ತಲೇ ಕೂತಿದ್ದ, ಕೊಯ್ಯಲು ಏನೂ ಇಲ್ಲದೆ.
‘ಸಮುದ್ರ ಕಸಿದದ್ದು ಐಸ್‌ಲ್ಯಾಂಡ್ ಅಜ್ಜಿ, ಬ್ರಸೆಲ್ಸ್ ಅಲ್ಲ’
ಅಂತ ನನ್ನ ಮಗ ಪುಸ್ತಕ ತಂದು ಪುಟ ಬಿಡಿಸಿ ತೋರಿಸಿದ್ದ.
ಅವಳು ಅದನ್ನು ಮೂಗಿಗೆ ಹಿಡಿದು ನೋಡಿ
‘ಮೀನಿನ ವಾಸನೆಯೇ ಇಲ್ವಲ್ಲೋ ಇದಕ್ಕೆ’ ಅಂದಳು.

ಮಗನ ಹೆಸರೂ ಪಟ್ಟಿಯಲ್ಲಿದೆ,
ಜೋಯಲ್, ನನ್ನ ಹೆಸರಿನ ಕೆಳಗೇ.
ಪಕ್ಕದಲ್ಲಿ ಒಂದು ತಾರೀಕು: ಜುಲೈ ಒಂಬತ್ತು.
ಹದಿನೆಂಟು ತುಂಬುವ ದಿನ.
ಇನ್ನು ಹದಿನಾರು ದಿನಕ್ಕೆ.
ಬಂದರಿನಿಂದ ರಾತ್ರಿ ಹೊರಡುತ್ತದಲ್ಲ ರಾಟರ್‌ಡ್ಯಾಮಿನ ಹಡಗು,
ಅದರ ವೇಳಾಪಟ್ಟಿ ಅವನ ಕೋಣೆಯ ಬಾಗಿಲಿಗೆ ಅಂಟಿದೆ.

ಸಂಜೆ ಆರಕ್ಕೆ ಡೈವಾ ಬಂದಳು,
ಮೀನಿನ ಫ್ಯಾಕ್ಟರಿಯ ಬಿಳಿ ಬೂಟು ಕಳಚದೆಯೇ.
ಹನ್ನೆರಡು ವರ್ಷದಿಂದ ನಮ್ಮ ಬೀದಿಯವಳು,
ಹಿಮ ಬಿದ್ದರೆ ಅಮ್ಮನ ಬಾಗಿಲಿಗೆ ಉಪ್ಪು ಚೆಲ್ಲುವವಳು.
ಹೆಸರಿತ್ತು. ಹೆಸರಿನ ಪಕ್ಕ ‘ಜಿ’ ಅಂತ ಒಂದಕ್ಷರ.
ಕೌನ್ಸಿಲ್ ಚುನಾವಣೆಗೆ ಸರಿ, ಇದಕ್ಕಲ್ಲ.
‘ಗೊತ್ತು,’ ಅಂದಳು, ‘ಆದರೂ ನೋಡೋಣ ಅಂತ ಬಂದೆ.’
ಅಡಿಪಟ್ಟಿ ಅವಳ ಹೆಸರಿನ ಕೆಳಗೇ ಇತ್ತು.
ತೆಗೆಯಲು ಕೈ ಬರಲಿಲ್ಲ,
ಹಿಂದೆ ನಿಂತವನು ಕೆಮ್ಮುವ ತನಕ.

ಮರುದಿನ ಬೆಳಕಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.
ಎದುರುಮನೆಯವನು ಕಸದ ಡಬ್ಬಿಗೆ ಬಾವುಟ ಸಿಕ್ಕಿಸಿ
ಹಾರ್ಮೋನಿಕಾ ಊದುತ್ತಿದ್ದ. ರಾಗ ಗೊತ್ತಿದ್ದಂತಿರಲಿಲ್ಲ.
ಬೇಕರಿಯ ಹುಡುಗಿ ಅಳುತ್ತಳುತ್ತಲೇ
ಐದು ಪೌಂಡು ಹೆಚ್ಚಿಗೆ ಚಿಲ್ಲರೆ ಕೊಟ್ಟಳು, ವಾಪಸ್ಸು ಕೊಟ್ಟೆ.
ಬಸ್ ಸ್ಟಾಪಿನಲ್ಲಿ ಡೈವಾ ಕೈ ಎತ್ತಿದಳು.
ನಾನು ಫೋನಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ಭಾನುವಾರ ಅಮ್ಮ ಊಟಕ್ಕೆ ಬಂದಳು, ಪ್ರತಿ ಭಾನುವಾರದಂತೆ.
ಬಟಾಣಿ ಬಡಿಸುವಾಗ ಜೋಯಲ್ ಕೇಳಿಯೇಬಿಟ್ಟ:
‘ನೀನಿನ್ನೆಷ್ಟು ವರ್ಷ ಇರ್ತೀಯ ಅಜ್ಜಿ?
ನಾನು ಅರವತ್ತು ವರ್ಷ ಇರಬೇಕಲ್ಲ ಇದರಲ್ಲಿ.’
ಅವಳು ತುಟಿ ಪಿಟಕ್ಕೆನ್ನಲಿಲ್ಲ.
ಕಿವಿಯ ಮಿಷನ್ನು ತೆಗೆದು ಸಾಸರಿನಲ್ಲಿಟ್ಟಳು,
ಅದು ಅಲ್ಲೇ ಸಣ್ಣಗೆ ಕುಯ್ಯೆನ್ನುತ್ತಿತ್ತು.
ಆಮೇಲೆ ನಿಧಾನಕ್ಕೆ ಅದೂ ನಿಂತಿತು.

ತುಂಬ ಹೊತ್ತಾದ ಮೇಲೆ ಅವನೇ ಅದನ್ನೆತ್ತಿಕೊಂಡ.
ಅವಳ ಬೆರಳುಗಳಿಗೆ ಆ ಪುಟ್ಟ ಮುಚ್ಚಳ ತೆಗೆಯಲಾಗದು,
ಎರಡು ವರ್ಷದಿಂದ ಅದು ಅವನದೇ ಕೆಲಸ.
ಮುಖ ನೋಡದೆ ಕೇಳಿದ: ‘ಬ್ಯಾಟರಿ ಡ್ರಾಯರಿನಲ್ಲಿದೆಯಾ?’
‘ಕೂತ್ಕೋ, ನಾನೇ ತರ್ತೀನಿ’ ಎಂದು
ಕುರ್ಚಿ ಉರುಳುವಷ್ಟು ಜೋರಾಗಿ ಎದ್ದೆ.

ಇಬ್ಬರೂ ನನ್ನನ್ನು ತಮ್ಮ ಕಡೆಯವಳೆಂದೇ ತಿಳಿದಿದ್ದಾರೆ.
ಡ್ರಾಯರಿನಲ್ಲಿ ಬ್ಯಾಟರಿಯ ಕೆಳಗೆ, ಪಿಜ್ಜಾದ ಚೀಟಿಗಳ ಕೆಳಗೆ,
ಅಂಚೆಮತದ ಲಕೋಟೆ.
ಅಂಟಿಗಿನ್ನೂ ನಾಲಗೆ ತಾಗಿಲ್ಲ.